ಏಟು ಬೀಳದ ಹದಿಮೂರು ಕೋಲುಗಳು

ಡಿಂಪ್ನಾ ಹೋರ್ಗನ್‌ಗೆ ಮನುಷ್ಯರ ಮಾತಿನ ಮೇಲೆ ಅಷ್ಟಾಗಿ ನಂಬಿಕೆ ಇರಲಿಲ್ಲ, ಕೋಲಿನ ಮೇಲಿತ್ತು. ಕಾರ್ಕ್ ನಗರದ ಉತ್ತರದ ಗುಡ್ಡದಲ್ಲಿ, ಹಾಲಿನ ವ್ಯಾನು ಕೂಡ ಏದುಸಿರು ಬಿಡುವಂಥ ಓಣಿಯ ತುದಿಗೆ ಅವಳ ಅಂಗಡಿ. ಅಪ್ಪ ಬ್ಯಾಟ್ ಹೋರ್ಗನ್ ತೀರಿಕೊಂಡ ಮೇಲೆ ನಲವತ್ತೆರಡು ವರ್ಷ ಅಲ್ಲೇ ನಿಂತು, ಆಶ್ ಮರದ ಹಲಗೆ ಕೊಯ್ದು, ಹಾಕಿಯ ಹಾಗೆ ಕೋಲಿನಿಂದ ಚೆಂಡು ಹೊಡೆದಾಡುವ ಹರ್ಲಿಂಗ್ ಆಟದ ಕೋಲು ಮಾಡಿದ್ದಳು. ಒಡೆದು ಬಂದ ಕೋಲಿನ ಅಗಲವಾದ ಅಲಗಿಗೆ ತಗಡಿನ ಪಟ್ಟಿ ಬಿಗಿದು ಮತ್ತೆ ಮೈದಾನಕ್ಕೆ ಅಟ್ಟಿದ್ದಳು. ಗರಗಸದ ಯಂತ್ರ ಅವಳ ಎಡಗೈಯ ಎರಡು ಬೆರಳ ತುದಿಯನ್ನು ತಿಂದಿತ್ತು. "ಯಂತ್ರಕ್ಕೂ ಮಜೂರಿ ಕೊಡ್ಬೇಕಲ್ಲ" ಎನ್ನುತ್ತಿದ್ದಳು.

ಕೋಲು ಕೈಗೆ ಬಂದರೆ ಸಾಕು, ಆಡಿದವನು ಎಡಚನೋ ಬಲಗೈಯವನೋ, ಮುನ್ನುಗ್ಗುವವನೋ, ಇನ್ನೊಬ್ಬನ ಬೆನ್ನ ಹಿಂದೆ ಅವಿತು ಆಡುವವನೋ, ಎಲ್ಲ ಹೇಳಿಬಿಡುತ್ತಿದ್ದಳು. ಒಮ್ಮೆ ಒಬ್ಬನ ಕೋಲಿಗೆ ಹಸಿರು ಬಣ್ಣ ಮೆತ್ತಿದ್ದು ಕಂಡು, "ತೋಟದ ಬೇಲಿಗೆ ಬಾರಿಸಿದ್ದೀಯಲ್ಲ, ಯಾರ ಮೇಲಪ್ಪ ಸಿಟ್ಟು?" ಎಂದಿದ್ದಕ್ಕೆ, ಅವನು ಅಲ್ಲೇ ಕೂತು ಹೆಂಡತಿಯ ಜೊತೆಗಿನ ಜಗಳವನ್ನೆಲ್ಲ ಹೇಳಿ ಎದ್ದಿದ್ದ. ಒಂದೂವರೆ ಗಂಟೆ ಕೇಳಿದ್ದಕ್ಕೆ ಬೇರೆ ದರ ಹಾಕಲಿಲ್ಲವೆಂದು ಅವಳಿಗೆ ಈಗಲೂ ಹೊಟ್ಟೆಯುರಿ.

ಗರನ್‌ಮೋರ್ ಅವಳ ಕ್ಲಬ್ಬು. ಅಪ್ಪನ ಕ್ಲಬ್ಬೂ ಅದೇ. ಅಲ್ಲಿ ಹನ್ನೊಂದು ವರ್ಷದೊಳಗಿನ ಮಕ್ಕಳಿಗೆ ಕೋಲನ್ನು ಕ್ಲಬ್ಬೇ ಕೊಡುತ್ತದೆ. ಹಿಡಿಯ ಮೇಲೆ ಮಗುವಿನ ಹೆಸರು ಬರೆಸುತ್ತದೆ. ಆಗಸ್ಟಿನಲ್ಲಿ ಎರಡು ವಾರ ಆಟಕ್ಕೆ ರಜೆ. ಆಗ ಅಷ್ಟೂ ಕೋಲುಗಳು ರಿಪೇರಿಗೆಂದು ಡಿಂಪ್ನಾಳ ಅಂಗಡಿಗೆ ಬರುತ್ತವೆ. ಆ ವರ್ಷ ಮೂವತ್ತನಾಲ್ಕು ಬಂದವು.

ಮೊದಲ ಇಪ್ಪತ್ತೊಂದು ಎಂದಿನಂತೆ: ಅಲಗಿನ ಅಂಚು ಇಲಿ ಕಡಿದ ಹಾಗೆ, ಪಟ್ಟಿ ಕಿತ್ತು, ಕೋಲಿಗೆ ಕೋಲು ಬಡಿದ ಕಚ್ಚುಗಳು. ಇಪ್ಪತ್ತೆರಡನೆಯದನ್ನು ಎತ್ತಿಕೊಂಡವಳು ತಿರುಗಿಸಿ ನೋಡಿದಳು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಹಿಡಿ ಬೆವರಿಗೆ ಕಪ್ಪಗಾಗಿತ್ತು; ಮಗು ಅಭ್ಯಾಸಕ್ಕೆ ಒಂದು ದಿನವೂ ತಪ್ಪಿಸಿಲ್ಲ. ಅಲಗಿನ ನಡುವೆ ಚೆಂಡಿನ ಮಸುಕು ಗುರುತು. ಗೋಡೆಗೆ ಸಾವಿರ ಸಲ ಹೊಡೆದಿದೆ. ಆದರೆ ಅಂಚು ಹೊಸ ತಟ್ಟೆಯ ಹಾಗೆ ನುಣ್ಣಗಿತ್ತು. ಇನ್ನೊಬ್ಬರ ಕೋಲು ಇದಕ್ಕೆ ಒಮ್ಮೆಯೂ ತಾಗಿಲ್ಲ. ಹರ್ಲಿಂಗ್‌ನಲ್ಲಿ ಐದು ನಿಮಿಷ ಪಂದ್ಯ ಆಡಿದ ಕೋಲು ಹಾಗಿರಲು ಸಾಧ್ಯವೇ ಇಲ್ಲ.

ಅಂಥವು ಹದಿಮೂರು ಇದ್ದವು.

ಡಿಂಪ್ನಾ ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಕ್ಲಬ್ಬಿನ ಪತ್ರವನ್ನು ಕಿತ್ತು ಓದಿದಳು. ಮಕ್ಕಳ ವಿಭಾಗದ ಅಧ್ಯಕ್ಷ ಕಾಹಲ್ ಟೂಮಿಯ ಸಹಿ. "ಈ ವಯಸ್ಸಿನಲ್ಲಿ ಅಂಕ ಎಣಿಸುವುದಿಲ್ಲ, ಪ್ರತಿ ಮಗುವೂ ಪ್ರತಿ ಪಂದ್ಯದಲ್ಲೂ ಆಡುತ್ತದೆ. ಈ ವರ್ಷ ಎಲ್ಲ ಮೂವತ್ತನಾಲ್ಕು ಮಕ್ಕಳೂ ಸಮನಾಗಿ ಆಡಿದ್ದಾರೆ." ಈ ಕಾಹಲ್ ವಿಮೆ ಮಾರುವವನು. ಒಳ್ಳೆಯ ಕೋಟು, ಒಳ್ಳೆಯ ಹಲ್ಲು. ಮೂರು ವರ್ಷದ ಹಿಂದೆ ಅವನ ಹೆಸರನ್ನು ಸೂಚಿಸಿದ್ದು ಯಾರು? ಇದೇ ಡಿಂಪ್ನಾ. ಅವಳ ಸಿಟ್ಟಿನ ಮೊದಲ ಪಾಲು ಅವಳಿಗೇ ಬಿತ್ತು. ಆಶ್ ಮರಕ್ಕೆ ರೋಗ ಬಡಿದು ಈಗ ಹಲಗೆ ಡೆನ್ಮಾರ್ಕಿನಿಂದ ಬರಬೇಕು; ಒಂದೊಂದನ್ನೂ ಅಲಗಿನ ತಿರುವಿಗೆ ಹೊಂದುವ ಬೇರಿನ ಬಾಗು ನೋಡಿ ಆರಿಸಿ ಕೊಯ್ದಿದ್ದಳು. ಅಷ್ಟು ಮಾಡಿ ಕೊಟ್ಟದ್ದು ಹತ್ತು ವರ್ಷದ ಮಕ್ಕಳು ಮೈದಾನದ ಗೆರೆಯಾಚೆ ಊರುಗೋಲು ಹಿಡಿದ ಮುದುಕರ ಹಾಗೆ ನಿಲ್ಲಲಿಕ್ಕೋ?

ಕೋಲು ವಾಪಸು ಕೇಳಲು ಬಂದ ರೀಯನಾ ಎಂಬ ಹುಡುಗಿಯನ್ನು ಅವಳು ಬಾಗಿಲಲ್ಲೇ ತಡೆದಳು. ಹತ್ತು ವರ್ಷ, ಮಂಡಿಯ ತುಂಬ ಗಾಯ. ಆದರೆ ಕೋಲು ಆ ಹದಿಮೂರರಲ್ಲಿ ಒಂದು.

"ಪಂದ್ಯದ ದಿನ ಎಲ್ಲಿರ್ತೀಯ ಮರಿ?"

"ಗೋಡೆ ಹತ್ರ. ಕಾಹಲ್ ಹೇಳ್ತಾರೆ, ನಾವು ವಿಶೇಷ ತರಬೇತಿ ಗುಂಪಂತೆ. ಬಸ್ಸಲ್ಲಿ ಜಾಗ ಇರಲ್ಲ, ಅದಕ್ಕೆ ಗೋಡೆಗೆ ಹೊಡೀತಾ ಇರಿ ಅಂತ."

"ಎಷ್ಟು ಜನ ನೀವು, ವಿಶೇಷದವರು?"

"ಹದಿಮೂರು." ಹುಡುಗಿ ಸ್ವಲ್ಪ ಯೋಚಿಸಿ ಹೇಳಿದಳು, "ಗೋಡೆ ಚೆನ್ನಾಗಿ ಆಡುತ್ತೆ ಮಿಸೆಸ್. ಯಾವತ್ತೂ ತಪ್ಪಿಸಲ್ಲ."

ಡಿಂಪ್ನಾ ಮದುವೆಯಾದವಳಲ್ಲ, ಮಿಸೆಸ್ ಎಂದವರನ್ನು ತಿದ್ದದೆ ಬಿಟ್ಟದ್ದು ಅದೇ ಮೊದಲು.

ಸೋಮವಾರ ಸಂಜೆ ಕ್ಲಬ್ಬಿನ ಸಭೆ. ಕಾಹಲ್ ಹೊಸ ಯೋಜನೆ ತಂದಿದ್ದ: ಹನ್ನೊಂದರೊಳಗಿನವರಲ್ಲಿ ಇಪ್ಪತ್ತೊಂದು ಮಕ್ಕಳ ಆಯ್ದ ತಂಡ, ಉಳಿದವರು "ಹದಿನಾಲ್ಕು ತುಂಬುವ ತನಕ ತಮ್ಮ ವೇಗದಲ್ಲಿ ಬೆಳೆಯಲಿ". ಅಂದರೆ ಮನೆಗೆ ಹೋಗಲಿ ಎಂದು. ಅವನು ಗೋಡೆಯ ಮೇಲೆ ಬಣ್ಣದ ಚಿತ್ರಗಳನ್ನು ತೋರಿಸುತ್ತಿದ್ದಾಗ ಡಿಂಪ್ನಾ ಎದ್ದು ಹೋಗಿ, ಹ್ಯಾಮ್ ಸ್ಯಾಂಡ್‌ವಿಚ್ಚಿನ ತಟ್ಟೆಗಳನ್ನು ಬದಿಗೆ ಸರಿಸಿ, ಹದಿಮೂರು ಕೋಲುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಪಕ್ಕದಲ್ಲಿ, ಹೋಲಿಕೆಗೆಂದು, ಕಾಹಲ್‌ನ ಮಗನ ಕೋಲು. ಅದು ಯುದ್ಧದಿಂದ ಬಂದ ಹಾಗಿತ್ತು.

"ಕೈಯಾಡಿಸಿ ನೋಡಿ," ಎಂದಳು. "ಇಲ್ಲಿರೋರೆಲ್ಲ ಆಡಿದೋರೇ. ಇವು ಪಂದ್ಯ ಆಡಿದ ಕೋಲು ಅಂತ ಯಾರಾದ್ರೂ ಒಬ್ರು ಹೇಳಿ, ನಾನು ಬಾಯಿ ಮುಚ್ಕೊಂಡು ಮನೆಗೆ ಹೋಗ್ತೀನಿ."

ನಾಲ್ಕೈದು ಜನ ಬಂದು ಸವರಿ ನೋಡಿದರು. ಮತ್ತೆ ಹೋಗಿ ಕೂತರು. ಕಾಹಲ್ ನಕ್ಕ. "ಡಿಂಪ್ನಾ, ಕೆಲವು ಮಕ್ಕಳು ಸಾಮಾನು ಜೋಪಾನವಾಗಿ ಇಟ್ಕೋತಾರೆ. ನೀವು ಖುಷಿ ಪಡ್ಬೇಕು."

ಸಭೆ ಹೋ ಎಂದು ನಕ್ಕಿತು. ನಕ್ಕರೆ ಮುಗಿಯಿತು; ನಕ್ಕವನು ಆಮೇಲೆ ವಿರುದ್ಧ ಕೈ ಎತ್ತುವುದಿಲ್ಲ. ಪರ ನಲವತ್ತೊಂದು, ವಿರುದ್ಧ ಹದಿನೇಳು. ಡಿಂಪ್ನಾ ಕೋಲುಗಳನ್ನು ಕಂಕುಳಲ್ಲಿ ಅವುಚಿಕೊಂಡು ಹೊರಬಿದ್ದಳು. ಯಾರೋ ಸ್ಯಾಂಡ್‌ವಿಚ್ ಕಟ್ಟಿಕೊಡಲು ಬಂದರು. "ಅದನ್ನ ಆಯ್ದ ತಂಡಕ್ಕೇ ಕೊಡಿ" ಎಂದಳು.

ಮಂಗಳವಾರ ಬೆಳಿಗ್ಗೆ ಹಿರಿಯರ ತಂಡದ ನಾಯಕ ಲೋರ್ಕನ್ ಬಂದ. ಕೊಳಾಯಿ ಕೆಲಸದವನು, ಗೋಲು ಕಾಯುವವನು, ಬಾಗಿಲು ತುಂಬುವಂಥ ಆಳು. ಬರುವ ವಾರದ ಭಾನುವಾರ ಕೌಂಟಿಯ ಕ್ವಾರ್ಟರ್‌ಫೈನಲ್ಲು. ಇಡೀ ತಂಡದ ಐವತ್ತು ಚಿಲ್ಲರೆ ಕೋಲುಗಳು ಪಟ್ಟಿಗಾಗಿ ಅವಳ ಗೋಡೆಯಲ್ಲಿ ನೇತಾಡುತ್ತಿದ್ದವು.

"ನಂದು ಆಯ್ತಾ, ತಾಯಿ?"

"ಇಲ್ಲ."

"ಯಾವಾಗ ಬರ್ಲಿ?"

ಡಿಂಪ್ನಾ ಹದಿಮೂರು ಕೋಲುಗಳ ಕಡೆ ಗದ್ದ ಎತ್ತಿದಳು. "ಮಕ್ಕಳ ಸರದಿ ಮೊದಲು. ಅವು ಪಂದ್ಯದಲ್ಲಿ ಏಟು ತಿಂದು ಬರ್ಲಿ. ಎಲ್ಲಾ ಹದಿಮೂರೂ. ರಿಪೇರಿ ಮಾಡ್ತೀನಿ. ಆಮೇಲೆ ನಿಮ್ದು."

ಲೋರ್ಕನ್ ನಕ್ಕ. ಅವಳು ನಗಲಿಲ್ಲ. ಅವನೂ ನಿಲ್ಲಿಸಿದ.

"ತಮಾಷೆ ಅಲ್ವಾ ಇದು?"

"ನಾನು ನಲವತ್ತೆರಡು ವರ್ಷದಲ್ಲಿ ಕೋಲಿನ ವಿಷಯಕ್ಕೆ ತಮಾಷೆ ಮಾಡಿದ್ದು ಕಂಡಿದ್ದೀಯಾ? ನಿಮ್ಮ ಕೋಲು ನಿಮ್ದೇ, ಬೇಕಾದ್ರೆ ಈಗ್ಲೇ ತಗೊಂಡು ಹೋಗು. ಸೀಳಿದ್ದು ಸೀಳಿದ ಹಾಗೇ ಇದೆ."

"ಬೇರೆ ಕಡೆ ಮಾಡಿಸ್ತೀವಿ."

"ಮಾಡ್ಸು. ಬೇರೆಯವನು ಬಿಗಿದ ಪಟ್ಟಿ ನಿನ್ನ ಕೈಗೆ ಎರಡು ತೊಲ ಭಾರ ಅನ್ನಿಸುತ್ತೆ. ಭಾನುವಾರ ಚೆಂಡು ನಿನ್ನ ಎಡಗಡೆಯಿಂದ ಒಳಗೆ ಹೋದಾಗ ನೆನಪು ಮಾಡ್ಕೋ."

ಅವನು ಮುಖ ಕೆಂಪಗೆ ಮಾಡಿಕೊಂಡು ಹೋದ. ಹೋಗುವ ಮುಂಚೆ ಮಾತ್ರ ಆ ಕೋಲುಗಳಲ್ಲಿ ಒಂದನ್ನೆತ್ತಿ, ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಅದೇ ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

ಮಧ್ಯಾಹ್ನದೊಳಗೆ ಕಾಹಲ್ ಬಂದ. ಗುಡ್ಡ ಹತ್ತಿ ಬಂದವನ ಕೋಟಿನ ಕಂಕುಳು ಒದ್ದೆಯಾಗಿತ್ತು.

"ಇದು ಬೆದರಿಕೆ, ಡಿಂಪ್ನಾ."

"ಸರದಿ ಕಣಪ್ಪ. ನಿನ್ನ ಬಸ್ಸಲ್ಲಿ ಜಾಗ ಇರಲ್ವಲ್ಲ, ಹಾಗೆ ನನ್ನ ಮೇಜಿನ ಮೇಲೂ ಇಲ್ಲ."

"ಸಭೆ ತೀರ್ಮಾನ ಮಾಡಿದೆ. ಬಹುಮತ."

"ಬಹುಮತ ಪಟ್ಟಿ ಬಿಗಿಯುತ್ತಾ? ಆ ನಲವತ್ತೊಂದು ಜನಾನ ಕರ್ಕೊಂಡು ಬಾ, ಸುತ್ತಿಗೆ ಕೊಡ್ತೀನಿ."

ಕಾಹಲ್ ದನಿ ತಗ್ಗಿಸಿದ. ವಿಮೆಯವರಿಗೆ ಆ ದನಿಯೊಂದು ಇರುತ್ತದೆ. "ನೋಡಿ, ಗೆಲ್ಲೋ ಮಕ್ಕಳನ್ನ ಬೆಳೆಸ್ಬೇಕು. ಇಲ್ಲಾಂದ್ರೆ ದೊಡ್ಡ ಕ್ಲಬ್ಬುಗಳು ಕಿತ್ಕೊಂಡು ಹೋಗ್ತವೆ. ಎಲ್ರನ್ನೂ ಆಡ್ಸಿದ್ರೆ ಸೋಲ್ತೀವಿ."

"ಸೋಲೋದಾ? ಈ ವಯಸ್ಸಲ್ಲಿ ಅಂಕ ಎಣಿಸಲ್ಲ ಅಂತ ನೀನೇ ಸಹಿ ಹಾಕಿದ್ದೀಯಲ್ಲೋ. ಎಣಿಸದೆ ಇದ್ರೆ ಸೋತಿದ್ದು ಗೊತ್ತಾಗೋದು ಹೇಗೆ?"

ಅವನು ಕೋಟು ಎಳೆದುಕೊಂಡ. ಒಳಜೇಬಿನಲ್ಲಿ ಪುಟ್ಟ ಪುಸ್ತಕದ ಅಂಚು ಕಾಣುತ್ತಿತ್ತು. ಎಣಿಸದ ಅಂಕಗಳೆಲ್ಲ ಅದರಲ್ಲಿದ್ದವೆಂದು ಊರಿಗೇ ಗೊತ್ತು.

"ಹತ್ತು ವರ್ಷದ ಕೂಸನ್ನ ಗೋಡೆ ಮುಂದೆ ನಿಲ್ಸಿ ವಿಶೇಷ ಅಂತ ಹೆಸರಿಟ್ಟೆಯಲ್ಲ ಕಾಹಲ್," ಎಂದಳು ಡಿಂಪ್ನಾ. ಕೈಯಲ್ಲಿದ್ದ ಉಜ್ಜುಗೊರಡನ್ನು ಮೇಜಿಗೆ ಕುಕ್ಕಿದಳು. "ಬೇಡ ಅಂತ ಮುಖಕ್ಕೆ ಹೇಳಿದ್ರೆ ಅಳ್ತಿದ್ವು, ಮರೀತಿದ್ವು. ನೀನು ಅವಕ್ಕೆ ನಂಬಿಸ್ದೆ. ಇಡೀ ಬೇಸಿಗೆ ಕೈ ಕಪ್ಪಾಗೋ ತನಕ ನಂಬ್ಕೊಂಡು ಹೊಡೆದಿವೆ. ನನ್ನ ಕೋಲು ಇಟ್ಕೊಂಡು ಸುಳ್ಳು ಹೇಳಿದ್ದೀಯ ನೀನು. ನಡಿ ಆಚೆ."

ಗುರುವಾರದ ಹೊತ್ತಿಗೆ ಹಿರಿಯರ ತಂಡದ ಅರ್ಧ ಜನ ಕಾಹಲ್‌ಗೆ ಫೋನು ಮಾಡಿದ್ದರು. ಮಕ್ಕಳ ಮೇಲಿನ ಪ್ರೀತಿಯಿಂದ ಎಂದು ಯಾರೂ ಭ್ರಮಿಸಬಾರದು. ಕೋಲಿನ ಮೇಲಿನ ಪ್ರೀತಿಯಿಂದ. ಹರ್ಲಿಂಗ್ ಆಡುವವನು ಹೆಂಡತಿಯ ಹುಟ್ಟುಹಬ್ಬ ಮರೆತಾನು, ತನ್ನ ಕೋಲಿನ ತೂಕ ಮರೆಯಲಾರ. ಅದೇ ವಾರ, ರಜೆ ಮುಗಿದ ಮೊದಲ ಶನಿವಾರ, ಗುಡ್ಡದಾಚೆಯ ಕ್ಲಬ್ಬಿನ ಜೊತೆ ಮಕ್ಕಳ ಪಂದ್ಯವಿತ್ತು. ಬೆಳಿಗ್ಗೆ ಲೋರ್ಕನ್ ಅಂಗಡಿಗೆ ಬಂದು ಆ ಕೋಲುಗಳನ್ನು ಕೊಳಾಯಿ ವ್ಯಾನಿಗೆ ತುಂಬಿದ. ಪೈಪುಗಳ ನಡುವೆ ಮಕ್ಕಳನ್ನೂ ತುಂಬಿಕೊಂಡ. ಪಂದ್ಯ ನಡೆಯುವಷ್ಟು ಹೊತ್ತೂ ಕಾಹಲ್‌ನ ಪಕ್ಕದಲ್ಲೇ, ಗೆರೆಯ ಮೇಲೆ, ಕೈ ಕಟ್ಟಿ ನಿಂತ. ಯಾರನ್ನೂ ಹೊರಗೆ ಕರೆಯಲು ಕಾಹಲ್‌ಗೆ ಮನಸ್ಸಾಗಲಿಲ್ಲ.

ಅವತ್ತು ಗರನ್‌ಮೋರ್ ಮಕ್ಕಳು ನುಚ್ಚುನೂರಾದರು. ಅಂಕ ಯಾರೂ ಎಣಿಸಲಿಲ್ಲ. ಒಂಬತ್ತು ಗೋಲು ಎಂದು ಎಲ್ಲರಿಗೂ ಗೊತ್ತಿತ್ತು.

ಮಧ್ಯಾಹ್ನ ಕೋಲುಗಳು ಬಂದವು. ಮೊದಲು ರೀಯನಾ. ಅವಳ ಕೋಲಿನ ಅಲಗು ಉದ್ದಕ್ಕೂ ಸೀಳಿತ್ತು. ಅದನ್ನು ಮುರಿದ ಹಕ್ಕಿಯನ್ನು ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದು ತಂದಿದ್ದಳು. ತುಟಿ ಊದಿತ್ತು.

"ಬೈತೀರಾ ಮಿಸೆಸ್?"

"ಯಾರು ಹೊಡೆದಿದ್ದು?"

"ಒಬ್ಬ ದಪ್ಪಗಿನೋನು. ನಾನೂ ಹೊಡೆದೆ."

ಡಿಂಪ್ನಾ ಅಂಚಿನ ಕಚ್ಚುಗಳನ್ನು ಬೆರಳಿನಿಂದ ಒಂದೊಂದಾಗಿ ಎಣಿಸಿದಳು. ಹನ್ನೊಂದು. "ಪರವಾಗಿಲ್ಲ," ಎಂದಳು. "ಗೋಡೆಗಿಂತ ಕೆಟ್ಟದಾಗಿ ಆಡ್ತಾನೆ ಅವನು. ಕೂತ್ಕೋ." ಅಂಟು ಹಚ್ಚಿ ಸೀಳು ಕೂಡಿಸಿ, ಪಟ್ಟಿ ಬಿಗಿಯುವ ತನಕ ಹುಡುಗಿ ಕಣ್ಣು ಕದಲಿಸಲಿಲ್ಲ.

ಸಂಜೆಯೊಳಗೆ ಹನ್ನೆರಡು ಬಂದವು. ಹದಿಮೂರನೆಯದನ್ನು ಲೋರ್ಕನ್ ವ್ಯಾನಿನಿಂದ ತಂದುಕೊಟ್ಟ, ಹಾಗೇ ನುಣ್ಣಗಿತ್ತು. ಹಿಡಿಯ ಮೇಲೆ ಫೀಯಕ್ರಾ ಡಾಲಿ ಎಂದಿತ್ತು.

"ಅವನು ಬರಲ್ಲ," ಎಂದಳು ರೀಯನಾ. "ಅವರಪ್ಪ ಹೇಳಿದ್ರಂತೆ, ಕರೀದೇ ಇದ್ದ ಕಡೆ ಎರಡು ಸಲ ಹೋಗ್ಬಾರ್ದು ಅಂತ. ಈಗ ಅವನು ಈಜಕ್ಕೆ ಹೋಗ್ತಾನೆ."

ಡಿಂಪ್ನಾ ಕಾಹಲ್‌ಗೆ ಫೋನು ಮಾಡಿಸಿದಳು. ಅವನು ಬಂದು ಬಾಗಿಲಲ್ಲೇ ನಿಂತ.

"ಹನ್ನೆರಡು ಆಯ್ತಲ್ಲ, ಡಿಂಪ್ನಾ. ಯಾವ ವ್ಯಾಪಾರದಲ್ಲಾದ್ರೂ ಒಂದು ಹೋಗೇ ಹೋಗುತ್ತೆ."

"ಹೌದು. ಹೋಗಿದ್ದು ಯಾವುದು ಅಂತ ನೀನೇ ಹೋಗಿ ನೋಡ್ಕೊಂಡು ಬಾ." ಕೋಲನ್ನು ಅವನ ಎದೆಗೆ ಒತ್ತಿದಳು. "ಅವರ ಮನೆ ಬಾಗಿಲಿಗೆ. ನಡ್ಕೊಂಡು."

ಲೋರ್ಕನ್ ಅವನ ಹಿಂದೆ ನಿಂತಿದ್ದ. ಕಾಹಲ್ ಹೋದ. ಮುಕ್ಕಾಲು ಗಂಟೆಯಾದ ಮೇಲೆ ಬರಿಗೈಯಲ್ಲಿ ಬಂದ.

"ಕೊಟ್ಟೆ."

"ಏನಂದ್ರು?"

"ಅವರಪ್ಪ ತಗೊಂಡ. ಬಾಗಿಲು ಹಾಕ್ದ."

"ಹುಡುಗ?"

ಕಾಹಲ್ ಕೋಟಿನ ಗುಂಡಿ ನೋಡಿಕೊಂಡ. "ಕಿಟಕೀಲಿದ್ದ. ನಾನು ಕೈ ಎತ್ತಿದೆ. ಪರದೆ ಎಳೆದ."

ಡಿಂಪ್ನಾಳಿಗೆ ಬೈಯಬೇಕೆನಿಸಿತು, ಬೈದು ಮುಗಿಯುವಂಥದ್ದಲ್ಲ ಎಂದೂ ಅನಿಸಿತು. ಹೇಳಿದ ಮಾತಿನ ಪ್ರಕಾರ ಹಿರಿಯರ ಕೋಲು ಮುಟ್ಟಬೇಕಾಗಿರಲಿಲ್ಲ. ಆದರೆ ಲೋರ್ಕನ್ ತನ್ನ ಪಾಲು ಸಲ್ಲಿಸಿದ್ದ. ಒಬ್ಬನ ತಪ್ಪಿಗೆ ಇನ್ನೊಬ್ಬ ಗಿರಾಕಿಯನ್ನು ಹಿಂಡುವುದು ಅವಳ ಅಂಗಡಿಯ ಪದ್ಧತಿಯಲ್ಲ. ಗೋಡೆಯಿಂದ, ಗೋಲು ಕಾಯುವ ಲೋರ್ಕನ್‌ನ ಅಗಲವಾದ ಕೋಲನ್ನು ಇಳಿಸಿಕೊಂಡು, ಹಳೆಯ ಪಟ್ಟಿಯನ್ನು ಒಂದೇ ಏಟಿಗೆ ಎಬ್ಬಿಸಿದಳು. ಕಾಹಲ್ ಹಾರಿ ಬಿದ್ದ.

ಮುಂದಿನ ವಾರದ ಭಾನುವಾರ ಹಿರಿಯರು ಗೆದ್ದರು. ಮರುದಿನ ಕಾಹಲ್ ಅಂಗಡಿಗೆ ಬಂದು, ಆಯ್ದ ತಂಡದ ಯೋಜನೆಯನ್ನು "ಸದ್ಯಕ್ಕೆ" ಮುಂದೂಡಿದ್ದೇವೆ ಎಂದು ಹೇಳಿದ. ಸದ್ಯಕ್ಕೆ ಎಂಬುದರ ಬೆಲೆ ಡಿಂಪ್ನಾಳಿಗೆ ಗೊತ್ತಿತ್ತು. ಆಗಸ್ಟ್ ಪ್ರತಿ ವರ್ಷ ಬರುತ್ತದೆ, ಕೋಲುಗಳೂ ಬರುತ್ತವೆ. ಒಳಗೆ ಸೆಖೆ. ಕಾಹಲ್ ಕೋಟು ತೆಗೆದು, ಮಕ್ಕಳ ಹನ್ನೆರಡು ಕೋಲು ನೇತಾಡುತ್ತಿದ್ದ ಸಾಲಿನ ಕೊನೆಯಲ್ಲಿ ಖಾಲಿಯಿದ್ದ ಒಂದೇ ಒಂದು ಮೊಳೆಗೆ ತಗುಲಿಹಾಕಿದ.

ಡಿಂಪ್ನಾ ಎದ್ದು ಬಂದು ಕೋಟನ್ನು ತೆಗೆದು ಅವನ ಕೈಗೆ ಕೊಟ್ಟಳು.

"ಆ ಮೊಳೆಗೆ ಆಗ್ಲೇ ಹೆಸರಿದೆ," ಎಂದಳು.