ಇಳಿಸುವ ಪೆಟ್ಟು

ನಮ್ಮಪ್ಪ ಬಾರಿಸುವ ಹಲಗೆ ಕಟ್ಟುತ್ತಾನೆ. ಕಟ್ಟುತ್ತಿದ್ದ ಎನ್ನಬೇಕು. ಗಂಗಾವತಿಯಿಂದ ಮರಳಿ ಎಂಬ ಊರಿಗೆ ಹೋಗುವ ದಾರಿಯಲ್ಲಿ, ಕಾಲುವೆಯ ಆಚೆ, ಊರಿಗೆ ಸೇರಿಯೂ ಸೇರದಂತೆ ನಿಂತ ಕೇರಿ ನಮ್ಮದು. ಚರ್ಮ ನೆನೆಹಾಕಿದ ಸುಣ್ಣದ ಗುಂಡಿಯ ವಾಸನೆ ನಮ್ಮ ಮನೆಗಿಂತ ಮೊದಲೇ ಬಂದವರನ್ನು ಎದುರುಗೊಳ್ಳುತ್ತಿತ್ತು. ನಾನು ಓದಿ, ಈಗ ಕುಕನೂರಿನ ಹತ್ತಿರ ಒಂದು ಸರಕಾರಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಆ ವಾಸನೆಯಿಂದ ದೂರ ಹೋಗಲಿಕ್ಕೆಂದೇ ಓದಿದೆ ಅಂದರೆ ಸುಳ್ಳಲ್ಲ. ಹೈಸ್ಕೂಲಿನ ಮೂರು ವರ್ಷದಲ್ಲಿ ಒಬ್ಬ ಗೆಳತಿಯನ್ನೂ ಮನೆಗೆ ಕರೆದವಳಲ್ಲ.

ಹಲಗೆ ಕಟ್ಟುವ ದಿನ ಅಪ್ಪ ಬೆಳಗ್ಗೆ ಏನೂ ತಿನ್ನುತ್ತಿರಲಿಲ್ಲ. ಸುಣ್ಣದ ನೀರಿನಿಂದ ತೆಗೆದ ಚರ್ಮದ ಕೂದಲು ಹೆರೆದು, ತೊಳೆದು, ಅದರ ಮುಂದೆ ಒಂದು ಗಳಿಗೆ ಕೈಮುಗಿದು ಕೂಡುತ್ತಿದ್ದ. "ತಪ್ಪಾತವ್ವಾ" ಎನ್ನುತ್ತಿದ್ದ, ಸತ್ತ ಪ್ರಾಣಿಗೆ. ಆಮೇಲೆ ಕಟ್ಟಿಗೆಯ ಬಳೆಗೆ ಹುಣಸೆಬೀಜದ ಅಂಟು ಸವರಿ, ಹಸಿ ಚರ್ಮ ಎಳೆದು ಕೂಡಿಸುತ್ತಿದ್ದ. ಎಳೆಯುವಾಗ ಯಾರೊಂದಿಗೂ ಮಾತಿಲ್ಲ. ಮಾತಾಡಿದರೆ ಆ ಮಾತು ಹಲಗೆಯೊಳಗೆ ಸೇರಿಕೊಳ್ಳುತ್ತದೆ ಎಂದು ಅವನ ನಂಬಿಕೆ. ಒಮ್ಮೆ ನಾನು ಪಾಟಿ ಒಡೆದುಕೊಂಡು ಅಳುತ್ತ ಬಂದರೂ ಅವನು ಬಾಯಿ ಬಿಡಲಿಲ್ಲ. ಅಂಟಾದ ಕೈಯಿಂದಲೇ ನನ್ನ ತಲೆ ಮುಟ್ಟಿದ. ಮೂರು ದಿನ ಕೂದಲಿನಲ್ಲಿ ಅಂಟಿತ್ತು.

ಮೊದಲೆಲ್ಲ ಕರುವಿನ ಚರ್ಮ. ಈಗ ಅದನ್ನು ಒಯ್ಯುವಾಗ ದಾರಿಯಲ್ಲಿ ನಿಲ್ಲಿಸಿ ಕೇಳುವವರಿದ್ದಾರೆ. ಹಾಗಾಗಿ ಆಡಿನ ಚರ್ಮ. ದನಿ ಅಷ್ಟು ದೂರ ಹೋಗುವುದಿಲ್ಲ ಎಂದು ಅಪ್ಪ ಪ್ರತಿ ಸಲವೂ ಹೇಳುತ್ತಿದ್ದ.

ಹಲಗೆಗೆ ಪೆಟ್ಟು ಬಹಳ ಇವೆ. ಆದರೆ ದೇವಿಯ ಮುಂದೆ ಬಾರಿಸುವವನಿಗೆ ಎರಡು ಗೊತ್ತಿರಲೇಬೇಕು. ಒಂದು ಕರೆಯುವ ಪೆಟ್ಟು. ಅದು ನಿಧಾನವಾಗಿ ಏರುತ್ತದೆ, ಏರಿದಂತೆ ಯಾರದಾದರೂ ಮೈಮೇಲೆ ದೇವಿ ಬರುತ್ತಾಳೆ. ಇನ್ನೊಂದು ಇಳಿಸುವ ಪೆಟ್ಟು. ಬಂದವಳನ್ನು ಬಂದ ದಾರಿಯಲ್ಲೇ ಕಳಿಸಿಕೊಡುವುದು. "ಕರಿಯೂದು ಯಾರಿಗಾದ್ರೂ ಬರತೈತಿ. ಇಳಸೂದು ಬಂದ್ರ ಅಂವ ಹಲಗಿ ಬಾರಿಸೂವಂವ" ಎನ್ನುತ್ತಿದ್ದ. ಇಳಿಸದೆ ಬಿಟ್ಟರೆ ದೇವಿ ಹೊರಟು ಹೋಗಿರುತ್ತಾಳೆ, ಮನುಷ್ಯರು ಮಾತ್ರ ಅರ್ಧ ದಾರಿಯಲ್ಲೇ ಉಳಿಯುತ್ತಾರಂತೆ.

ನಮ್ಮೂರ ದುರಗಮ್ಮನ ಗುಡಿಯಲ್ಲಿ ಪೂಜಾರಿಯ ಮೈಮೇಲೆ ದೇವಿ ಬರುತ್ತಿದ್ದದ್ದು ಅಪ್ಪನ ಕೈಯಿಂದ. ಬಂದ ದೇವಿಗೆ ಊರೆಲ್ಲ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿತ್ತು. ಕರೆದವನು ಮಾತ್ರ ಕಟ್ಟೆಯ ಕೆಳಗೆ, ಚಪ್ಪಲಿ ಬಿಡುವ ಜಾಗದ ಹತ್ತಿರ ನಿಂತಿರುತ್ತಿದ್ದ. ಇಳಿಸುವ ಪೆಟ್ಟು ಮುಗಿದ ಮೇಲೆ ಅವನಿಗೆ ಪ್ರಸಾದ ಮೇಲಿನಿಂದ ಬೀಳುತ್ತಿತ್ತು. ನಾನು ಏಳನೆಯ ಇಯತ್ತೆಗೆ ಬಂದ ಮೇಲೆ ಆ ಗುಡಿಯ ಕಡೆ ಹೋಗುವುದನ್ನೇ ಬಿಟ್ಟೆ. ದೇವಿ, ಪೆಟ್ಟು, ಮೈತುಂಬುವುದು ಎಲ್ಲ ಸುಳ್ಳು ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಂಡರೆ ಸಿಟ್ಟು ಸ್ವಲ್ಪ ಕಡಿಮೆಯಾಗುತ್ತಿತ್ತು.

ಕೆಲವು ವರ್ಷಗಳ ಹಿಂದೆ ಹೊಳೆಯ ಕಡೆ, ಬಂಡೆಗಳ ನಡುವಿನ ಒಂದು ರೆಸಾರ್ಟಿನಿಂದ ಅಪ್ಪನನ್ನು ಹುಡುಕಿಕೊಂಡು ಜನ ಬಂದರು. ಮುಂಬೈಯ ಒಬ್ಬ ಮೇಡಂ ಅಲ್ಲಿ ಮೂರು ದಿನದ ಧ್ಯಾನ ಶಿಬಿರ ಮಾಡುವವಳಿದ್ದಳು. ಅದಕ್ಕೆ ಹನ್ನೆರಡು 'ಶಾಮನ್ ಡ್ರಮ್' ಬೇಕಂತೆ.

"ಯಾವ ಶಾಮಣ್ಣ?" ಎಂದು ಅಪ್ಪ ಕೇಳಿದ.

ನಾನು ಫೋನಿನಲ್ಲಿ ವಿವರಿಸಿದೆ. ಹೊರದೇಶದಲ್ಲಿ ಡ್ರಮ್ ಬಾರಿಸಿ ದೇವರ ಹತ್ತಿರ ಹೋಗಿ ಬರುವವರಿಗೆ ಶಾಮನ್ ಅಂತಾರಪ್ಪ, ಅವರ ವಾದ್ಯವೂ ನಮ್ಮ ಹಲಗೆಯ ಹಾಗೆಯೇ, ಬಳೆಗೆ ಒಂದೇ ಕಡೆ ಚರ್ಮ. ಅಪ್ಪನಿಗೆ ಇದು ಬಹಳ ಹಿಡಿಸಿತು. "ಹಂಗಂದ್ರ ಅಲ್ಲೂ ನಮ್ಮವರು ಅದಾರಂದಂಗಾತು" ಎಂದ.

ದಸರಾ ರಜೆ. ಕನ್ನಡ ಬಿಟ್ಟರೆ ಅಪ್ಪನಿಗೆ ಗೊತ್ತಿದ್ದದ್ದು ಗಂಗಾವತಿ ಸಂತೆಯಲ್ಲಿ ಬೆಲೆ ಕೇಳುವಷ್ಟು ಉರ್ದು, ಮೇಡಂ ಆಡುತ್ತಿದ್ದದ್ದು ಇಂಗ್ಲಿಷು. ನಡುವೆ ಮಾತು ದಾಟಿಸಲಿಕ್ಕೆ ನಾನು ಹೋದೆ. ಹೋಗಲಿಕ್ಕೆ ನನಗೆ ಹೆಮ್ಮೆಯೇ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಹೊಸ ಸೀರೆ ಉಟ್ಟಿದ್ದೆ.

ಮೊದಲ ದಿನ ಅವರು ಹಲಗೆಗಳನ್ನು ಎದೆಗೆ ಅಪ್ಪಿಕೊಂಡು ಕಣ್ಣು ಮುಚ್ಚಿ ಕೂತರು. ಮುಟ್ಟಲಿಕ್ಕೆ ಅಸಹ್ಯಪಡದ ಜನರನ್ನು ಅಪ್ಪ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಒಬ್ಬಳಂತೂ ಚರ್ಮಕ್ಕೆ ಮುತ್ತು ಕೊಟ್ಟಳು. ಮೇಡಂ ನನ್ನ ಕಡೆ ತಿರುಗಿ, ಡ್ರಮ್ಮಿನ ಆತ್ಮ ಇವರಿಗೆ ಏನು ಹೇಳುತ್ತದೆ ಕೇಳು ಎಂದಳು. ಕೇಳಿದೆ.

ಅಪ್ಪ ಹೇಳಿದ: "ಅದು ಏನೂ ಹೇಳಂಗಿಲ್ಲವಾ. ಸತ್ತ ಆಡಿನ ಚರ್ಮ ಅದು. ಹೇಳೂದು ನಮ್ಮ ಕೈ, ಕೇಳೂದು ಆ ದೇವಿ."

ಇದನ್ನು ಇಂಗ್ಲಿಷಿನಲ್ಲಿ ಹೇಳಲಿಕ್ಕೆ ನನಗೆ ನಾಚಿಕೆಯಾಯಿತು. ಬಹಳ ಒರಟು ಅನಿಸಿತು. ಪ್ರತಿಯೊಂದು ಡ್ರಮ್ಮಿನೊಳಗೂ ಭೂಮಿತಾಯಿಯ ಎದೆಬಡಿತ ಇದೆ ಅಂತಾರೆ ಎಂದು ಹೇಳಿದೆ. ಹನ್ನೆರಡು ಜನ ನೋಟುಬುಕ್ಕಿನಲ್ಲಿ ಬರೆದುಕೊಂಡರು. ಮೇಡಂ ಕಣ್ಣಲ್ಲಿ ನೀರು ಬಂತು. ಅಪ್ಪ ನನ್ನ ಮುಖ ನೋಡಿ, ತಾನೇ ಏನೋ ದೊಡ್ಡ ಮಾತು ಆಡಿದ್ದೇನೆಂದು ಸಂಕೋಚದಿಂದ ನಕ್ಕ.

ಅಲ್ಲಿ ಕಸ ಗುಡಿಸುವ ಒಬ್ಬ ಹೆಂಗಸಿದ್ದಳು. ಐವತ್ತರ ಹತ್ತಿರದ ವಯಸ್ಸು, ಯಲಬುರ್ಗಾ ಕಡೆಯ ಊರಿನವಳು, ಸೀರೆಯ ಮೇಲೆ ರೆಸಾರ್ಟಿನ ಹಸಿರು ಅಂಗಿ ತೊಟ್ಟಿರುತ್ತಿದ್ದಳು. ಅಪ್ಪನಿಗೆ ದಿನಾ ಚಹಾ ತಂದುಕೊಡುತ್ತಿದ್ದವಳು ಅವಳೇ. "ಅಣ್ಣಾ, ಹಲಗಿ ಸಪ್ಪಳ ಕೇಳಿ ಭಾಳ ದಿನ ಆಗಿತ್ತು ನೋಡು. ನಮ್ಮೂರಾಗ ಈಗ ಎಲ್ಲಾದಕ್ಕೂ ಡಿಜೆ" ಅಂದಿದ್ದಳು. ಮುಂಚೆ ಊರಲ್ಲಿ ತನ್ನ ಮೈಮೇಲೆ ದೇವಿ ಬರುತ್ತಿದ್ದಳು, ಗಂಡ ಸತ್ತ ಮೇಲೆ ನಿಂತಿತು ಎಂದೂ ಹೇಳಿದ್ದಳಂತೆ. ಅದು ನನಗೆ ಗೊತ್ತಾದದ್ದು ಆಮೇಲೆ.

ಮೂರನೆಯ ದಿನ ಮಧ್ಯಾಹ್ನ ಮೇಡಂ, ದೇವರನ್ನು ಕರೆಯುವ ಹಳೆಯ ಪೆಟ್ಟು ಇದೆಯಂತಲ್ಲ, ಅದನ್ನು ಬಾರಿಸಲಿ ಎಂದಳು. ಅದರ ವಿಷಯ ಅವಳಿಗೆ ಹೇಳಿದ್ದವಳು ನಾನೇ.

ಅಪ್ಪ ತಲೆ ಅಲ್ಲಾಡಿಸಿದ. "ಬ್ಯಾಡವಾ. ಅದು ಆಟಕ್ಕ ಬಾರಸೂದಲ್ಲ."

"ಒಂದ್ ಸ್ವಲ್ಪ ಬಾರಸಪ್ಪ. ಇವರಿಗಿ ಎಲ್ಲಿ ದೇವಿ ಬರತಾಳ!"

"ಇವರಿಗಿ ಬರದಿದ್ರ ಬಿಡು. ಸಪ್ಪಳಕ್ಕ ಗ್ವಾಡಿ ಇರತಾವೇನು?"

"ನನ್ನ ಮರ್ಯಾದಿ ಪ್ರಶ್ನಿ ಐತಪ್ಪಾ" ಎಂದೆ. ಆ ಮಾತು ಆಡಬಾರದಿತ್ತು. ಅಪ್ಪ ಎದ್ದ. ಒಣ ಹುಲ್ಲು ಉರಿಸಿ ಹಲಗೆ ಕಾಯಿಸಿಕೊಂಡ, ಬಲಗೈಗೆ ದಪ್ಪ ಕೋಲು, ಎಡಗೈಗೆ ಬಿದಿರು ಕಡ್ಡಿ ತೆಗೆದುಕೊಂಡ. ಖುಷಿಯಿಂದ ಬಾರಿಸುತ್ತಾನಂತೆ ಎಂದು ಮೇಡಂಗೆ ಹೇಳಿದೆ.

ಪೆಟ್ಟು ಏರಿತು. ಶಿಬಿರದವರು ತೋಳು ಚಾಚಿ ತೂಗಾಡಿದರು. ಹತ್ತು ನಿಮಿಷವಾಗಿರಬೇಕು, ಬೇಲಿಯ ಹತ್ತಿರ ಕಸಬರಿಗೆ ಬಿದ್ದ ಸದ್ದಾಯಿತು. ಆ ಹೆಂಗಸು ನಿಂತಲ್ಲೇ ನಡುಗುತ್ತಿದ್ದಳು. ತುರುಬು ಬಿಚ್ಚಿ ಹೋಯಿತು. ಹುಲ್ಲುಹಾಸಿನ ನಡುವೆ ಬಂದು ಸುತ್ತತೊಡಗಿದಳು. ಬಾಯಿಂದ ಹೊರಟ ದನಿ ಅವಳದಲ್ಲ. ನಾನು ಏಳನೆಯ ಇಯತ್ತೆಯಿಂದ ಇಲ್ಲ ಎನ್ನುತ್ತ ಬಂದದ್ದು ನನ್ನ ಮುಂದೆ ಹಸಿರು ಅಂಗಿ ತೊಟ್ಟು ಕುಣಿಯಿತು. ಶಿಬಿರದವರು ಮೊದಲು ಫೋನು ಎತ್ತಿ ಹಿಡಿದರು. ಅವಳು ಮೇಡಂ ಮುಂದೆ ಬಂದು ಕೈ ನೆಲಕ್ಕೆ ಬಡಿದು ಚೀರಿದಾಗ ಫೋನುಗಳು ಕೆಳಗಿಳಿದವು. ಮೇಡಂ ಹಿಂದಕ್ಕೆ ಸರಿದು, ಯಾರಾದರೂ ಇವಳನ್ನು ಹಿಡಿಯಿರಿ ಎಂದು ಕೂಗಿದಳು.

ಮ್ಯಾನೇಜರ್ ಓಡಿ ಬಂದ. ಅವನು ಎಲ್ಲೋ ಉತ್ತರ ಭಾರತದವನು, ಕನ್ನಡ ಬರುತ್ತಿರಲಿಲ್ಲ. ಕಾವಲಿನವರಿಬ್ಬರು ಅವಳ ರಟ್ಟೆ ಹಿಡಿದರು.

"ಹಿಡೀಬ್ಯಾಡ್ರಿ!" ಅಪ್ಪ ಕೂಗಿದ. ಅವನ ಕೈ ಆಗಲೇ ಪೆಟ್ಟು ಬದಲಿಸಿತ್ತು. "ಬಿಡ್ರಿ ಅಕಿನ್ನ, ಎರಡ ಮಿನಿಟು ಕೊಡ್ರಿ, ಇಳಸ್ತೀನಿ! ಯವ್ವಾ, ಅವರಿಗಿ ಹೇಳು! ಅರ್ಧಕ್ಕ ಬಿಡಬಾರದಂತ ಹೇಳು!"

ಮ್ಯಾನೇಜರ್ ಅವನ ಕೈಯಿಂದ ಕೋಲು ಕಿತ್ತುಕೊಂಡ. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಇವರು ಏನು ಹೇಳುತ್ತಿದ್ದಾರೆ ಎಂದು ಮೇಡಂ ಕೇಳಿದಳು.

ನನಗೆ ಇಂಗ್ಲಿಷ್ ಮರೆತಿರಲಿಲ್ಲ. ಮಾತು ಬಾಯಿಯವರೆಗೂ ಬಂದಿತ್ತು. ಆದರೆ ಅಷ್ಟು ಜನ ಓದಿದವರ ಮುಂದೆ, ದೇವಿಯನ್ನು ಹಲಗೆಯಿಂದ ಇಳಿಸಬೇಕಂತೆ ಎಂದು ಹೇಳಿದರೆ ನಾನು ಟೀಚರಮ್ಮನಾಗಿ ಉಳಿಯುವುದಿಲ್ಲ, ಕೇರಿಯ ಹುಡುಗಿಯಾಗುತ್ತೇನೆ ಅನಿಸಿತು. ಅವರು ಕ್ಷಮೆ ಕೇಳುತ್ತಿದ್ದಾರೆ, ಹೀಗಾಗುತ್ತದೆಂದು ಗೊತ್ತಿರಲಿಲ್ಲವಂತೆ ಎಂದೆ.

ಅವಳನ್ನು ಎತ್ತಿ ಜೀಪಿನಲ್ಲಿ ಹಾಕಿದರು. ಅಪ್ಪ ಬರಿಗೈಯಿಂದಲೇ ಹಲಗೆ ಬಡಿಯುತ್ತ ಜೀಪಿನ ಹಿಂದೆ ಗೇಟಿನವರೆಗೆ ಓಡಿದ. ಸಂಜೆ ಶಿಬಿರದ ಮುಕ್ತಾಯದಲ್ಲಿ ಮೇಡಂ, ನಾವು ಇಂದು ಬಹಳ ದೊಡ್ಡ ಶಕ್ತಿಯನ್ನು ಕಂಡೆವು ಎಂದು ಭಾಷಣ ಮಾಡಿದಳಂತೆ. ಆ ಶಕ್ತಿಗೆ ಆಗ ಗಂಗಾವತಿಯ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಮಲಗಿಸಿದ್ದರು. ಮರುದಿನ ಅವಳನ್ನು ಕೆಲಸದಿಂದ ತೆಗೆದರು.

ದೀಪಾವಳಿಯ ನಂತರ ಅಪ್ಪ ಅವಳ ಊರು ಪತ್ತೆ ಮಾಡಿದ. ಕೊಪ್ಪಳದಲ್ಲಿ ಬಸ್ಸು ಬದಲಿಸಿ ಇಬ್ಬರೂ ಯಲಬುರ್ಗಾ ಕಡೆ ಹೋದೆವು. ಹಲಗೆಯನ್ನು ಅವನು ಹಳೆ ಧೋತರದಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಬಾಗಿಲಲ್ಲಿ ಅವಳ ಮಗ ನಿಂತಿದ್ದ. ಗೌಂಡಿ ಕೆಲಸದವನು, ಕೈತುಂಬ ಸಿಮೆಂಟು.

"ಅಕಿನ್ನ ನೋಡಿ ಹೋಗಾಕ ಬಂದೀನಪಾ. ಅವತ್ತಿಂದು ಅರ್ಧಕ್ಕ ನಿಂತೈತಿ. ಹತ್ತ ನಿಮಿಷದ ಕೆಲಸ" ಎಂದ ಅಪ್ಪ.

"ಕೆಲಸಾ ಹೋತು, ಗುಳಗಿ ಹತ್ಯಾವು. ಇನ್ನೇನ್ ಕಳೀಬೇಕಂತ ಬಂದೀರಿ?" ಎಂದ ಮಗ. "ಆ ಗಂಟು ಬಿಚ್ಚಬ್ಯಾಡ್ರಿ ಇಲ್ಲಿ. ಓಣಿ ಮಂದಿ ನೋಡಾಕತ್ಯಾರ."

ಅವಳು ಒಳಗಿನಿಂದ ಬಂದಳು. ಮುಖ ಊದಿತ್ತು, ನಡಿಗೆ ನಿಧಾನವಾಗಿತ್ತು. ಅಪ್ಪನ ಗುರುತು ಹಿಡಿಯಲಿಕ್ಕೆ ಹೊತ್ತು ಬೇಕಾಯಿತು.

"ಅಣ್ಣಾ," ಎಂದಳು, "ಮೈ ಒಂದ ಕಡಿ, ನಾ ಒಂದ ಕಡಿ ಆದಂಗ ಆಗೈತಿ." ಮಗನ ಕಡೆ ನೋಡಿದಳು. "ಆದ್ರೂ ಬ್ಯಾಡ ಬಿಡು. ನೀ ಹೋಗು."

ಚಹಾ ಕುಡಿದು ಹೋಗಿರಿ ಎಂದು ಯಾರೂ ಅನ್ನಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಅತ್ತ. ಅವನು ಅಳುವುದನ್ನು ಅವ್ವ ಸತ್ತಾಗಲೂ ನಾನು ನೋಡಿರಲಿಲ್ಲ.

ಅಂದಿನಿಂದ ಅವನು ಕರೆಯುವ ಪೆಟ್ಟು ಬಾರಿಸಿಲ್ಲ. ದುರಗಮ್ಮನ ಗುಡಿಯವರು ಬಂದು ಬೈದು ಹೋದರು, ಆಮೇಲೆ ಪ್ಲಾಸ್ಟಿಕ್ ಹಾಳೆಯ ಡ್ರಮ್ಮು ತಂದುಕೊಂಡರು. ರೆಸಾರ್ಟಿನವರು ಮತ್ತೆ ಹಲಗೆ ಕೇಳಿದರು. ಅಪ್ಪ ಕೈ ನಡುಗುತ್ತದೆ ಎಂದ. ಶಿಬಿರ ನಿಂತಿಲ್ಲ. ಅದರ ವೀಡಿಯೊ ಒಂದನ್ನು ನಮ್ಮ ಶಾಲೆಯ ಇನ್ನೊಬ್ಬ ಟೀಚರು ತೋರಿಸಿದರು. ಅಪ್ಪನ ಮುಖ, ಅದರ ಕೆಳಗೆ ಭೂಮಿತಾಯಿಯ ಎದೆಬಡಿತದ ಮಾತು. ನಿಮ್ಮಪ್ಪ ಎಷ್ಟು ಛಲೋ ಮಾತಾಡ್ತಾರ್ರಿ ಎಂದರು. ಹೌದ್ರಿ ಎಂದೆ.

ಒಂದು ದಿನ ಊಟಕ್ಕೆ ಕೂತಾಗ ಅಪ್ಪ ಕೇಳಿದ: "ಅವತ್ತು ನೀ ಅವರಿಗಿ ಏನಂತ ಹೇಳಿದಿ?"

"ನೀ ಹೇಳಿದ್ದನ್ನ ಹೇಳಿದ್ನೆಪಾ. ಎರಡ ನಿಮಿಷ ಕೊಡ್ರಿ ಅಂತ."

ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಹೇಳಿದ್ರೂ ಕೊಡಲಿಲ್ಲಂದ್ರ, ಅವರಿಗಿ ಕರಿಯೂದಷ್ಟ ಬೇಕಿತ್ತು" ಎಂದ.

ನಾನು ಅವನ ತಾಟಿಗೆ ಪಲ್ಯ ಬಡಿಸಿದೆ.