ತಿರುವುಗಳನ್ನು ನಡೆಸಿ ಕಲಿಸಿದ ಹೆಡ್ ಡ್ರೈವರ್

ಹುಕ್ಕೇರಿಯ ಬಸ್ ಕಂಪನಿಯೊಂದರಲ್ಲಿ ನಾನು ಡ್ರೈವರ್ ಆಗಿ ಸೇರಿದಾಗ ಅಲ್ಲಿಯ ಹೆಡ್ ಡ್ರೈವರ್ ಎಂಟು ದಿನ ನನಗೆ ಸ್ಟಿಯರಿಂಗ್ ಮುಟ್ಟಗೊಡಲಿಲ್ಲ. ಹೊಸಬರನ್ನೆಲ್ಲ ಯಮಕನಮರಡಿಯ ರಸ್ತೆಯಲ್ಲಿ ನಡೆಸಿಕೊಂಡು ಹೋಗುತ್ತಿದ್ದರು. ಪ್ರತಿ ತಿರುವಿನಲ್ಲೂ ಕುಕ್ಕರಗಾಲಲ್ಲಿ ಕುಳಿತು, ಅಂಗೈಯಿಂದ ನೆಲ ಸವರಿ, “ಇದರ ಗುರ್ತು ಇಟ್ಕೋರಿ, ಇಲ್ಲಿ ಮಂದಿ ದಾಟತಾರ, ಅವಸರ ಮಾಡಬ್ಯಾಡ್ರಿ” ಎನ್ನುತ್ತಿದ್ದರು.

ಮಾಲಕರಿಗೆ ಇದು ಹಿಡಿಸಿರಲಿಲ್ಲ. “ಡ್ರೈವರ್ ಅಂದ್ರ ನಡಕೋಂತ ಹೋಗಾವೇನ್ರಿ? ಈ ನಡಿಗಿ ಕಲಸೂ ಸಾಲಿ ಬಂದ್ ಮಾಡ್ರಿ” ಎಂದುಬಿಟ್ಟಿದ್ದರು.

ಎಂಟು ದಿನ ಮುಗಿದ ಮೇಲೆ ಒಂದು ಮುಂಜಾನೆ ಅದೇ ರಸ್ತೆಯಲ್ಲಿ ನಾನು ಬಸ್ಸು ನಡೆಸುತ್ತಿದ್ದೆ. ಮಾಲಕರು, ಹೆಡ್ ಡ್ರೈವರ್ ಇಬ್ಬರೂ ಒಳಗಿದ್ದರು. ಮಂಜು ಕವಿದು ರಸ್ತೆ, ಹೊಲ, ಆಕಾಶ ಎಲ್ಲ ಒಂದೇ ಆದವು.

“ತಡಾ ಆಗಾಕತ್ತೈತಿ, ಜೋರ್ ಬಿಡು” ಎಂದರು ಮಾಲಕರು.

ಹೆಡ್ ಡ್ರೈವರ್ ಬಸ್ಸು ನಿಲ್ಲಿಸಲು ನನಗೆ ಕೈಸನ್ನೆ ಮಾಡಿ ಇಳಿದರು. ತಲೆಯ ಕೆಂಪು ರುಮಾಲನ್ನು ಬಿಚ್ಚಿ ಬೆನ್ನಿಗೆ ಹೊದ್ದು ಮುಂದೆ ನಡೆದರು. ಆ ಕೆಂಪಿನ ಹಿಂದೆ ನಾನು ಕನಸಿನಲ್ಲಿ ತೇಲಿದಂತೆ ಬಸ್ಸು ಬಿಟ್ಟೆ. ಒಂದು ತಿರುವಿನಲ್ಲಿ ಅವರು ಕೈ ಎತ್ತಿದರು, ನಿಲ್ಲಿಸಿದೆ. ಹೊಲಕ್ಕೆ ಹೊರಟ ಹೆಂಗಸರು ಬುಟ್ಟಿ ಹೊತ್ತು ಮಂಜಿನಿಂದ ಒಬ್ಬೊಬ್ಬರಾಗಿ ಮೂಡಿ, ಬಸ್ಸಿನ ಮುಂದೆಯೇ ರಸ್ತೆ ದಾಟಿ ಮತ್ತೆ ಮಂಜಿನಲ್ಲಿ ಕರಗಿದರು. ಕೊನೆಯವಳ ಕಂಕುಳಲ್ಲಿ ಕೂಸಿತ್ತು.

ಮಾಲಕರು ಇಳಿದು ಹೆಡ್ ಡ್ರೈವರ್ ಬಳಿ ಹೋಗಿ, “ಮುಂದಿನ ತಿರುವು ಎಲ್ಲೈತಿ? ನನಗೂ ತೋರಸ್ರಿ” ಎಂದರು.

ಇಬ್ಬರೂ ಜೊತೆಯಾಗಿ ನಡೆದರು. ಅವರ ಹಿಂದೆ ನಾನು ಮೆಲ್ಲಗೆ ಬಸ್ಸು ಬಿಟ್ಟುಕೊಂಡು ಹೋದೆ.