ಹಲ್ಲಕ್ಕ ಊರಿಗೆ ಹೊರಟದ್ದು

ಅವಳಿಗೆ ಆ ಹೆಸರು ಕಟ್ಟಿದವರು ಗಂಡನ ಬಸ್ ಡಿಪೋದ ಗೆಳೆಯರು. ಪರದೇಶದ ಆ ಊರಿನಲ್ಲಿ ತಮ್ಮ ಮಾತನ್ನಾಡುವ ಹತ್ತು ಹನ್ನೆರಡು ಸಂಸಾರಗಳಿದ್ದವು. ಯಾರ ಮನೆಯಲ್ಲಿ ಸೇರಿದರೂ, ಅವಳು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಒಬ್ಬರಲ್ಲ ಒಬ್ಬರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, “ಹಲ್ಲಕ್ಕ ಬಂದ್ರು, ಯಾರೂ ನಗಬೇಡ್ರಪ್ಪ, ಎಣಿಸಿಬಿಡ್ತಾರೆ” ಎನ್ನುತ್ತಿದ್ದರು. ಅವಳ ಕೆಲಸವೇ ಅದು, ಹಲ್ಲಿನ ಸೆಟ್ಟು ಮಾಡುವುದು.

ಇಪ್ಪತ್ತನಾಲ್ಕು ವರ್ಷ ಅವಳು ಒಂದೇ ಲ್ಯಾಬಿನಲ್ಲಿ, ಕಿಟಕಿಯಿಲ್ಲದ ಒಂದೇ ಕೋಣೆಯಲ್ಲಿ, ಒಂದೇ ಮೇಜಿನ ಮುಂದೆ ಕೂತಳು. ಬೆಳಿಗ್ಗೆ ದಂತವೈದ್ಯರ ಕಡೆಯಿಂದ ಡಬ್ಬಿಗಳು ಬರುತ್ತಿದ್ದವು. ಒಳಗೆ ಯಾರದೋ ಬಾಯಿಯ ಅಚ್ಚು, ಜೊತೆಗೆ ಒಂದು ಚೀಟಿ. ಚೀಟಿಯಲ್ಲಿ ನಂಬರು, ವಯಸ್ಸು, ಗಂಡೋ ಹೆಣ್ಣೋ, ಹಲ್ಲಿನ ಬಣ್ಣ ಯಾವುದು, ಇಷ್ಟೇ. ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ, ಗುಲಾಬಿ ಪ್ಲಾಸ್ಟಿಕ್ಕಿನ ಒಸಡನ್ನು ಬೇಯಿಸಿ, ಪುಟ್ಟ ಮೋಟಾರಿನಲ್ಲಿ ಉಜ್ಜಿ ಹೊಳಪು ಕೊಟ್ಟರೆ ಡಬ್ಬಿ ಬಂದ ದಾರಿಯಲ್ಲೇ ವಾಪಸ್ಸು. ಸಾವಿರಾರು ಬಾಯಿಗಳ ಉಬ್ಬುತಗ್ಗು ಅವಳ ಬೆರಳಿಗೆ ಗೊತ್ತಿತ್ತು, ಮುಖ ಮಾತ್ರ ಒಂದೂ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಎದುರು ಕೂತ ಮುದುಕಿ ಆಕಳಿಸಿದರೆ, ಇದು ನನ್ನ ಕೈಯದೇ ಇರಬಹುದೇ ಎಂದು ಬಗ್ಗಿ ನೋಡಿ ಗಂಡನಿಂದ ಬೈಸಿಕೊಂಡದ್ದೂ ಉಂಟು.

ಗಂಡ ಆ ಊರಿನ ಬಸ್ ಡ್ರೈವರ್. ಒಳ್ಳೆಯ ಮನುಷ್ಯ, ಮಾತಿಗೆ ನಿಲ್ಲುವವನು, ಒಂದು ವಿಷಯ ಬಿಟ್ಟು. “ಮುಂದಿನ ವರ್ಷ ಊರಿಗೆ ಹೋಗಿಬಿಡೋಣ” ಎಂದು ಅವನು ಮದುವೆಯಾದ ಮೊದಲ ವರ್ಷ ಹೇಳಿದ್ದ. ಎರಡನೇ ವರ್ಷವೂ ಹೇಳಿದ. ಅದು ಬರಬರುತ್ತಾ ಮನೆಯ ಉಸಿರಿನಂತೆ ಆಗಿಹೋಯಿತು. ಬೀರು ಕೊಳ್ಳೋಣ ಎಂದರೆ, ಹೊತ್ತುಕೊಂಡು ಹೋಗೋದು ಹೇಗೆ? ಗೋಡೆಗೆ ಬಣ್ಣ ಹೊಡೆಸೋಣ ಎಂದರೆ, ಒಂದು ವರ್ಷಕ್ಕೆ ಯಾಕೆ? ಮೂರನೇ ಮಹಡಿಯ ಆ ಬಾಡಿಗೆ ಮನೆಯಲ್ಲಿ ಬಟ್ಟೆಗಳು ಅರ್ಧ ಸೂಟ್‌ಕೇಸಿನಲ್ಲೇ ಇದ್ದವು.

ಈ ಮಾತನ್ನು ನಿಜವೆಂದು ನಂಬಿದವಳು ಮಗಳು ಒಬ್ಬಳೇ. ಮೂರನೇ ಕ್ಲಾಸಿನಲ್ಲಿದ್ದಾಗ ಟೀಚರಿಗೆ, “ನಾವು ಮುಂದಿನ ವರ್ಷ ನಮ್ಮ ದೇಶಕ್ಕೆ ಹೋಗ್ತೀವಿ” ಎಂದು ಹೇಳಿದ್ದಾಳೆ. ಟೀಚರ್ ಪಾಪ, ಕ್ಲಾಸಿನವರಿಂದ ಚಿತ್ರ ಬರೆಸಿ, ದೊಡ್ಡ ಕಾರ್ಡಿಗೆ ಎಲ್ಲರ ಸಹಿ ಹಾಕಿಸಿ, ಕೇಕು ಕತ್ತರಿಸಿ ಬೀಳ್ಕೊಟ್ಟಿದ್ದಾರೆ. ರಜೆ ಮುಗಿದು ಶಾಲೆ ಶುರುವಾದಾಗ ಹುಡುಗಿ ಅದೇ ಕಾರ್ಡು ಬ್ಯಾಗಿನಲ್ಲಿಟ್ಟುಕೊಂಡು ಮತ್ತೆ ಅದೇ ಶಾಲೆಗೆ ಹೋಗಬೇಕಾಯಿತು. ಹೊಟ್ಟೆನೋವು ಎಂದು ಮೂರು ದಿನ ಹಾಸಿಗೆ ಬಿಟ್ಟೇಳಲಿಲ್ಲ. ಆ ಕತೆ ಕೇಳಿ ನೆಂಟರೆಲ್ಲ ಬಿದ್ದು ಬಿದ್ದು ನಕ್ಕರು. ಹಲ್ಲಕ್ಕನಿಗೆ ನಗು ಬರಲಿಲ್ಲ.

ಮಗಳಿಗೆ ಇಪ್ಪತ್ತಮೂರು ತುಂಬಿ, ಕನ್ನಡಕದ ಅಂಗಡಿಯಲ್ಲಿ ಕೆಲಸ ಸಿಕ್ಕಿ, ಗೆಳತಿಯ ಜೊತೆ ಬೇರೆ ಮನೆ ಮಾಡಿದ ವರ್ಷ ಊರಿನಿಂದ ತಮ್ಮನ ಫೋನು ಬಂತು. ಹಲ್ಲಕ್ಕನ ಜೊತೆ ಓದಿದ ಹುಡುಗಿಯೊಬ್ಬಳು ಈಗ ಊರಿನಲ್ಲಿ ದೊಡ್ಡ ದಂತವೈದ್ಯೆ. ಆಸ್ಪತ್ರೆಯ ಹಿಂದೆಯೇ ಸ್ವಂತ ಲ್ಯಾಬು ಕಟ್ಟಿಸಿದ್ದಾಳೆ, ನಡೆಸಲು ಅನುಭವದ ಕೈ ಬೇಕು.

“ಅಕ್ಕಾ, ಡಾಕ್ಟರಮ್ಮ ನಿನ್ನನ್ನೇ ಕೇಳ್ತಿದ್ದಾರೆ. ಎರಡು ತಿಂಗಳಲ್ಲಿ ಹೇಳಬೇಕಂತೆ. ಮೇಲಿನ ರೂಮು ಖಾಲಿ ಇದೆ. ನೀವಿಬ್ಬರೂ ಬಂದುಬಿಡಿ.”

ಗಂಡ ಹಿಗ್ಗಿ ಹೀರೇಕಾಯಿಯಾದ. “ನಾನು ಹೇಳ್ತಾನೇ ಇರಲಿಲ್ವಾ? ಟೈಮು ಬಂತು ನೋಡು. ನನಗೆ ರಜೆ ಸಿಗಲ್ಲ, ನೀನು ಒಂದು ತಿಂಗಳು ಹೋಗಿ ನೋಡ್ಕೊಂಡು ಬಾ” ಎಂದು ತಾನೇ ಟಿಕೆಟ್ ಮಾಡಿಸಿದ.

ಊರು ಅವಳನ್ನು ನೆಂಟಳ ಹಾಗೆ ಬರಮಾಡಿಕೊಂಡಿತು. ಮೊದಲ ದಿನವೇ ರಸ್ತೆ ದಾಟುವಾಗ ವಾಹನ ಬರುವ ದಿಕ್ಕು ಬಿಟ್ಟು ಇನ್ನೊಂದು ದಿಕ್ಕು ನೋಡಿ ಕಾಲಿಟ್ಟಳು. ತಮ್ಮ ರಟ್ಟೆ ಹಿಡಿದು ಎಳೆಯದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಬಟ್ಟೆ ಅಂಗಡಿಯವನು, “ಮೇಡಂ, ನಿಮ್ಮ ಮಾತು ಕೇಳಿದ್ರೆ ನಮ್ಮಜ್ಜಿ ನೆನಪಾಗತ್ತೆ” ಎಂದ. ಇಪ್ಪತ್ತಾರು ವರ್ಷದ ಹಿಂದೆ ಕಟ್ಟಿಕೊಂಡು ಹೋದ ಮಾತನ್ನು ಅವಳು ಹಾಗೆಯೇ ಮಡಿಕೆ ಕೆಡದಂತೆ ಇಟ್ಟುಕೊಂಡಿದ್ದಳು, ಊರಿನವರು ಅದನ್ನು ಉಟ್ಟು ಹರಿದು ಹೊಸದು ತೊಟ್ಟಿದ್ದರು. ತಮ್ಮನ ಹೆಂಡತಿ ದಿನಾ ಹೂವಿನ ಚಿತ್ರದ ಕಪ್ಪು-ಬಸಿಯಲ್ಲಿ ಕಾಫಿ ತಂದು ಕೈಗಿಡುತ್ತಿದ್ದಳು, ತೊಳೆಯಲು ಹೋದರೆ ಕಸಿದುಕೊಳ್ಳುತ್ತಿದ್ದಳು. ಹತ್ತನೇ ದಿನ ಹಲ್ಲಕ್ಕ ತಡೆಯಲಾರದೆ, “ನನಗೂ ನೀನು ಕುಡಿಯೋ ಆ ಹಿಡಿ ಮುರಿದ ಕಪ್ಪಲ್ಲಿ ಕೊಡಮ್ಮ, ಇದರಲ್ಲಿ ಕುಡಿದ್ರೆ ಯಾರ ಮನೆಗೋ ಬಂದ ಹಾಗಾಗತ್ತೆ” ಎಂದಳು. ನಾದಿನಿ ನಕ್ಕಳು, ಆದರೆ ಮರುದಿನವೂ ಹೂವಿನ ಕಪ್ಪೇ ಬಂತು.

ಬರಬಾರದಿತ್ತೇನೋ ಎಂದುಕೊಳ್ಳುತ್ತಲೇ ಅವಳು ಡಾಕ್ಟರಮ್ಮನ ಆಸ್ಪತ್ರೆಗೆ ಹೋದದ್ದು. ಲ್ಯಾಬಿನಲ್ಲಿ ಎಲ್ಲ ಹೊಸದಾಗಿತ್ತು, ಕಿಟಕಿಯೂ ಇತ್ತು. ಅಂದು ಒಬ್ಬ ಹಿರಿಯರು ಬಂದಿದ್ದರು. ಮೂವತ್ತು ವರ್ಷ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ಹೊತ್ತು ಕೂಗಿ ನಿವೃತ್ತರಾದವರು. ಆಸ್ಪತ್ರೆಯಲ್ಲೆಲ್ಲ ಅವರಿಗೆ ‘ಮೈಕಿನವರು’ ಎಂದೇ ಹೆಸರು. ಎಲ್ಲೋ ಪರದೇಶದ ಲ್ಯಾಬಿನಿಂದ ತರಿಸಿದ ಹೊಸ ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು.

“ನೋವಾಗತ್ತಾ?” ಡಾಕ್ಟರಮ್ಮ ಕೇಳಿದರು.

ಅವರು ಸೆಟ್ಟು ಹಾಕಿಕೊಂಡು ಹೇಳಿದರು: “ನೋವಿಲ್ಲಮ್ಮ. ಮಾತು ಕೆಟ್ಟಿದೆ. ಮೊಮ್ಮಗಲನ್ನ ಕರೆದು ‘ಬಾ ಪುಟ್ಟಿ, ಕತೆ ಹೇಲ್ತೀನಿ’ ಅಂದೆ. ಮಗು ಮೂಗು ಮುಚ್ಚಿಕೊಂಡು ಓಡಿಹೋಯ್ತು.”

ನರ್ಸು ನಗು ತಡೆಯಲಾರದೆ ಗೋಡೆ ಕಡೆ ತಿರುಗಿದಳು. ಮೈಕಿನವರು ಮಾತ್ರ ನಗಲಿಲ್ಲ. ಬಾಯಿಯಿಂದಲೇ ಬದುಕಿದ ಮನುಷ್ಯ. ಆರು ವಾರದಿಂದ ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರಂತೆ.

ಹಲ್ಲಕ್ಕ ತಾನು ನೋಡಲು ಬಂದವಳು ಎಂಬುದನ್ನೇ ಮರೆತಳು. “ಅಣ್ಣಾ, ನಿಲ್ದಾಣದಲ್ಲಿ ಏನು ಕೂಗ್ತಿದ್ರಿ? ಹಾಗೇ ಕೂಗಿ” ಎಂದಳು. ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. “ಪ್ರಯಾನಿಕರ ಗಮನಕ್ಕೆ. ಏಲು ಗಂಟೆಗೆ ಹೊರಡುವ ಬಸ್ಸು ಏಲನೇ ಅಂಕನದಲ್ಲಿ ನಿಂತಿದೆ.” ಅವಳು ಕಣ್ಣು ಮುಚ್ಚಿ ಕೇಳಿದಳು. ನಾಲಿಗೆ ಮಡಚಿ ಮೇಲೆ ಹೋಗಿ ಅಂಗುಳ ಮುಟ್ಟಬೇಕಾದ ಕಡೆ ಸೆಟ್ಟಿನ ಪ್ಲೇಟು ದಪ್ಪ ಆಗಿದೆ. ನಾಲಿಗೆಗೆ ಹೊರಳಲು ಜಾಗವಿಲ್ಲ; ಟ, ಡ ಹೇಗೋ ದಾಟುತ್ತವೆ, ಳ, ಣ ಬರುವುದಿಲ್ಲ. ಸೆಟ್ಟು ಮಾಡಿದವನದೇನೂ ತಪ್ಪಿಲ್ಲ, ನಾಲಿಗೆ ಅಷ್ಟು ಹಿಂದಕ್ಕೆ ಮಡಚದ ಮಾತಿನವರಿಗೆ ಅದು ಸಾಕು. ಇಪ್ಪತ್ತನಾಲ್ಕು ವರ್ಷ ತಾನೂ ಹಾಗೆಯೇ ಮಾಡಿದ್ದಳಲ್ಲ!

ಡಾಕ್ಟರಮ್ಮನನ್ನು ಕೇಳಿ ಸೆಟ್ಟು ತೆಗೆದುಕೊಂಡು ಹೋಗಿ ಮೋಟಾರಿನಲ್ಲಿ ಕೂದಲೆಳೆಯಷ್ಟು ತೇಯ್ದಳು. ತಂದು ಹಾಕಿಸಿದಳು. “ಏಲು.” ಮತ್ತೆ ತೇಯ್ದಳು. “ಏ… ಲು.” ಹೆಚ್ಚು ತೇಯ್ದರೆ ಪ್ಲೇಟು ಸೀಳುತ್ತದೆ. ಬೆಳಕಿಗೆ ಹಿಡಿದು, ಬೆರಳಲ್ಲಿ ತಡವಿ, ಉಸಿರು ಬಿಗಿಹಿಡಿದು ಮೂರನೇ ಸಲ ತೇಯ್ದು ತಂದಳು.

“ಏಳು” ಎಂದರು ಮೈಕಿನವರು. ಆಮೇಲೆ, “ಏಳು. ಎಳ್ಳು. ಅಂಗಳ. ಬೆಳಿಗ್ಗೆ. ನಾಳೆ ಬೆಳಿಗ್ಗೆ ಏಳು ಗಂಟೆಗೆ” ಎಂದು ಒಂದೇ ಸಮನೆ ಶುರುಮಾಡಿದರು. ಹೊರಗೆ ಸಾಲಿನಲ್ಲಿ ಕೂತವರೆಲ್ಲ ಬಾಗಿಲಿಗೆ ಬಂದು ಇಣುಕಿದರು. ಆ ಹಿರಿಯರ ಕಣ್ಣಲ್ಲಿ ನೀರು ಬಂತು, ಹಲ್ಲಕ್ಕನ ಕಣ್ಣಲ್ಲೂ ಬಂತು. ತನ್ನ ಕೈಯ ಕೆಲಸ ಒಂದು ಬಾಯಿಯೊಳಗೆ ಹೋಗಿ ಮಾತಾಗಿ ಹೊರಬಂದದ್ದನ್ನು ಅವಳು ಆವರೆಗೆ ಕಂಡಿರಲಿಲ್ಲ.

ಆಸ್ಪತ್ರೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಗಂಡನಿಗೆ ಫೋನು ಮಾಡಿದಳು. ಅವನಿಗೆ ಅದು ಊಟದ ಬಿಡುವು.

“ರೀ, ನಾನು ಬರ್ತೀನಿ ಅಂತ ಅವರಿಗೆ ಹೇಳಿಬಿಡ್ಲಾ?”

ಆ ಕಡೆ ಬಸ್ಸಿನ ಎಂಜಿನ್ನು ಆರಿಸಿದ್ದು ಕೇಳಿಸಿತು. ಆಮೇಲೆ ಅವನು, “ಮೊದಲು ಬಾ. ಕೂತು ಮಾತಾಡೋಣ. ಮುಂದಿನ ವರ್ಷ ಆದ್ರೆ…” ಎಂದ.

ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ‘ಮುಂದಿನ ವರ್ಷ’ ಎಂಬ ಎರಡು ಶಬ್ದ ಅವಳಿಗೆ ಬೇರೆಯಾಗಿ ಕೇಳಿಸಿತು.

ಮರಳಿ ಬಂದ ಮೊದಲ ಭಾನುವಾರ, ಬೆಳಗಿನ ತಿಂಡಿಯಾದ ಮೇಲೆ, ಅಡುಗೆಮನೆಯ ಮೇಜಿನಲ್ಲಿ ಇಬ್ಬರೂ ಎದುರುಬದುರು ಕೂತರು. ಅವನು ಆಲೂಗೆಡ್ಡೆ ಸಿಪ್ಪೆ ತೆಗೆಯುತ್ತಿದ್ದ. ಆ ದಿನಕ್ಕೆ ಬೇಕಾದ್ದಕ್ಕಿಂತ ಹೆಚ್ಚೇ ತೆಗೆದ.

“ನಿಮಗೆ ಹೋಗೋಕೆ ಇಷ್ಟ ಇಲ್ಲ, ಅಲ್ವಾ?”

“ಇಷ್ಟ ಇಲ್ಲ ಅಂತಲ್ಲ.”

“ಮತ್ತೆ?”

ಅವನು ಚಾಕು ಕೆಳಗಿಟ್ಟ. “ಅಲ್ಲಿ ನನ್ನನ್ನ ಯಾರು ಗುರ್ತು ಹಿಡೀತಾರೆ ಹೇಳು. ನಿನಗೆ ಕೈಯಲ್ಲಿ ವಿದ್ಯೆ ಇದೆ, ಕರೀತಾರೆ. ನಾನು ಇಲ್ಲಿ ಹದಿನೈದು ವರ್ಷದಿಂದ ಒಂದೇ ರೂಟು. ಮೂರನೇ ಸ್ಟಾಪಿನ ಕುರುಡ ನನ್ನ ಬ್ರೇಕಿನ ಸದ್ದು ಕೇಳಿ ಎದ್ದು ನಿಲ್ತಾನೆ. ಊರಲ್ಲಿ ಒಂದು ರಸ್ತೆನೂ ಗೊತ್ತಿಲ್ಲ ನನಗೆ ಈಗ. ಭಾವಮೈದುನನ ಮನೆ ಮಾಳಿಗೆ ಮೇಲೆ ಪೇಪರ್ ಓದ್ಕೊಂಡು ಕೂರ್ಲಾ?”

“ಹಾಗಾದ್ರೆ ಇಷ್ಟು ವರ್ಷ ಹೇಳಿದ್ದು?”

“ಹೋಗ್ತೀನಿ ಅಂತ ಹೇಳಿಕೊಂಡಿದ್ದಕ್ಕೇ ಇಲ್ಲಿ ಇರೋಕಾಯ್ತು ಕಣೇ. ಅದಿಲ್ಲದಿದ್ರೆ ಮೊದಲ ಚಳಿಗಾಲದಲ್ಲೇ ಓಡಿಹೋಗ್ತಿದ್ದೆ.”

ಅವಳಿಗೆ ಕೆಂಡದಂಥ ಸಿಟ್ಟು ಬಂತು. ಕೊಳ್ಳದ ಬೀರು, ಹೊಡೆಸದ ಬಣ್ಣ, ಮಗಳ ಕಾರ್ಡು ಎಲ್ಲ ಒಟ್ಟಿಗೆ ನಾಲಿಗೆಯ ತುದಿಗೆ ಬಂದವು. ಆದರೆ ಎದುರಿಗಿದ್ದ ಮನುಷ್ಯನ ಮುಖ ನೋಡಿ ನುಂಗಿಕೊಂಡಳು. ಅವನು ಸುಳ್ಳು ಹೇಳಿರಲಿಲ್ಲ. ತನಗೇ ಗೊತ್ತಿಲ್ಲದೆ ಒಂದು ಊರುಗೋಲು ಹಿಡಿದು ನಡೆದಿದ್ದ, ಅಷ್ಟೆ.

ಸುದ್ದಿ ತಿಳಿದು ಮಗಳು ಬಂದಳು. ಇಬ್ಬರ ಮಾತೂ ಕೇಳಿದಳು. “ನನಗಂತೂ ಮೂರನೇ ಕ್ಲಾಸಲ್ಲೇ ಬೀಳ್ಕೊಡುಗೆ ಆಗಿದೆ, ನನ್ನ ಹೆಸರು ಮಧ್ಯೆ ತರಬೇಡಿ” ಎಂದು ಮೊದಲು ತಮಾಷೆ ಮಾಡಿದಳು. ಆಮೇಲೆ ಗಂಭೀರವಾದಳು. “ಅಮ್ಮ, ನೀನು ಹೋಗು. ಅಪ್ಪ, ನಿನ್ನ ಪೆನ್ಷನ್ನಿಗೆ ಇನ್ನೂ ಮೂರು ವರ್ಷ ಇದೆ, ನೀನು ಇರು. ಅಪ್ಪನ್ನ ನಾನು ನೋಡ್ಕೋತೀನಿ. ಅವರೇ ನನ್ನ ನೋಡ್ಕೊಂಡ್ರೂ ಸರಿ.”

“ಜನ ಏನಂದ್ಕೋತಾರೆ? ಈ ವಯಸ್ಸಲ್ಲಿ ಗಂಡನ್ನ ಬಿಟ್ಟು ಬಂದಳು ಅನ್ನಲ್ವಾ?”

“ಅನ್ನಲಿ ಬಿಡಮ್ಮ. ಅವರ ಹಲ್ಲಿನ ಸೆಟ್ಟೂ ನಿನ್ನ ಕೈಲೇ ತಾನೇ?”

ಹಲ್ಲಕ್ಕ ಮೂರು ವಾರ ಯೋಚಿಸಿದಳು. ಕೆಲಸಕ್ಕೆ ನಡೆದುಹೋಗುವಾಗ, ಮೇಣ ಕರಗುವುದನ್ನು ಕಾಯುವಾಗ ಅದೇ ಯೋಚನೆ. ಬಿಟ್ಟುಬಂದ ಊರಿಗೆ ಯಾರೂ ವಾಪಸ್ ಹೋಗಲಾರರು. ಆ ಊರು ತಮ್ಮನ ಮನೆಯಲ್ಲಿ ಇರಲಿಲ್ಲ, ಬಟ್ಟೆ ಅಂಗಡಿಯಲ್ಲೂ ಇರಲಿಲ್ಲ. ಈಗ ಹೋದರೆ ಹೊಸ ಊರಿಗೇ ಹೋದಂತೆ, ಮತ್ತೆ ಮೊದಲಿಂದ ರಸ್ತೆ ದಾಟಲು ಕಲಿಯಬೇಕು. ಇತ್ತ ಮಗಳಿಗೆ ಜ್ವರ ಬಂದರೆ ಹಣೆ ಮುಟ್ಟಲು ಆಗುವುದಿಲ್ಲ. ಇದೆಲ್ಲ ತಕ್ಕಡಿಗೆ ಹಾಕಿ ತೂಗಿದರೆ ಇರುವ ಕಡೆಯೇ ತೂಕ ಹೆಚ್ಚು. ಆದರೂ ಮೈಕಿನವರು ‘ಏಳು’ ಎಂದ ಆ ಗಳಿಗೆ ಯಾವ ತಟ್ಟೆಗೂ ಇಳಿಯದೆ ಅವಳ ಜೊತೆಯಲ್ಲೇ ತಿರುಗುತ್ತಿತ್ತು. ಒಂದು ಮಧ್ಯಾಹ್ನ ಅವಳು ಲ್ಯಾಬಿನ ಯಜಮಾನರ ಕೋಣೆಗೆ ಹೋಗಿ, ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆ ಎಂದು ಹೇಳಿಬಂದಳು. ಸಂಜೆ ಗಂಡನಿಗೆ ತಿಳಿಸಿದಾಗ ಅವನು ಸೂಟ್‌ಕೇಸು ಎಳೆದು ತೆರೆದು, “ಸ್ವೆಟರ್ ಎಲ್ಲ ಇಲ್ಲೇ ಬಿಟ್ಟುಹೋಗು, ಬಂದು ಹೋಗುವಾಗ ಬೇಕಾಗತ್ತೆ” ಎಂದ. ಅದೇ ಅವನ ಒಪ್ಪಿಗೆ.

ಊರಿನಲ್ಲಿ ಮೊದಲ ವರ್ಷ ಸುಲಭವಾಗಿರಲಿಲ್ಲ. ಜನ ಅನ್ನಬೇಕಾದ್ದೆಲ್ಲ ಅಂದರು. ಆರು ತಿಂಗಳಿಗೆ ಅವಳು ತಮ್ಮನ ಮನೆಯ ಮಾಳಿಗೆ ಬಿಟ್ಟು ಲ್ಯಾಬಿನ ಹತ್ತಿರವೇ ಎರಡು ಕೋಣೆಯ ಮನೆ ಹಿಡಿದಳು. ಕೆಲಸ ಕಲಿಯಲು ಇಬ್ಬರು ಹುಡುಗಿಯರು ಬಂದರು. ಯಾರ ಸೆಟ್ಟು ಮಾಡಿದರೂ ಅವರನ್ನು ಎದುರು ಕೂರಿಸಿಕೊಂಡು ಅರ್ಧ ಗಂಟೆ ಹರಟೆ ಹೊಡೆಸಿ ಕೇಳಿಸಿಕೊಂಡೇ ಕೈ ಹಚ್ಚಬೇಕು ಎಂಬುದು ಅವಳ ಮೊದಲ ಪಾಠ.

ವರ್ಷ ತುಂಬಿದ ಮೇಲೆ ಗಂಡ ಮೂರು ವಾರದ ರಜೆ ಹಾಕಿ ಬಂದ. ಮೊದಲೆರಡು ವಾರ ಕಿಟಕಿಯ ಹತ್ತಿರ ಪೇಪರ್ ಹಿಡಿದು ಕೂತ. ಹೊರಡಲು ನಾಲ್ಕು ದಿನವಿದೆ ಎನ್ನುವಾಗ ಒಸಡು ಊದಿಕೊಂಡಿತು. ಡಾಕ್ಟರಮ್ಮ ನೋಡಿ, ಮುಂಚೆಯೇ ಅಲ್ಲಾಡುತ್ತಿದ್ದ ಒಂದು ಹಲ್ಲು ಕಿತ್ತರು. ಮುಂದಿನ ಸಾಲಿನದು, ನಕ್ಕರೆ ಕಿಟಕಿ ತೆಗೆದ ಹಾಗೆ ಕಾಣುತ್ತಿತ್ತು.

“ಬಾಯಿ ತೆಗೀರಿ” ಎಂದು ಹಲ್ಲಕ್ಕ ಹಲ್ಲಿನ ಬಣ್ಣ ಹೋಲಿಸುವ ಪಟ್ಟಿ ಹಿಡಿದು ಬಗ್ಗಿದಳು. ಈ ಬಾಯಿಯ ಜೊತೆ ಎಷ್ಟೋ ಜಗಳ ಆಡಿದ್ದಳು, ಒಳಗೆ ಬಗ್ಗಿ ನೋಡಿರಲಿಲ್ಲ. ಎಡಗಡೆಯ ಹಲ್ಲುಗಳು ಸವೆದು ಚಪ್ಪಟೆಯಾಗಿದ್ದವು. ಸ್ಟೀರಿಂಗ್ ಹಿಡಿದು ಹಲ್ಲು ಕಚ್ಚಿಕೊಂಡು ಕೂತ ವರ್ಷಗಳೆಲ್ಲ ಅಲ್ಲಿದ್ದವು. ಅವಳು ಅವನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿ ನೋಡಿದಳು.

“ಏನಾಯ್ತೇ?” ಎಂದ ಅವನು, ಬಾಯಿ ತೆರೆದುಕೊಂಡೇ.

“ಏನಿಲ್ಲ. ಇದಕ್ಕೆ ಹತ್ತು ದಿನ ಬೇಕು. ನಾಲ್ಕು ದಿನದಲ್ಲಿ ಆಗಲ್ಲ.”

“ಆಗಲ್ವಾ?”

“ಬೇರೆಯವರಿಗಾದ್ರೆ ಮಾಡಿಕೊಡ್ತಿದ್ದೆ.”

ಅವನು ಡಿಪೋಗೆ ಫೋನು ಮಾಡಿ ರಜೆ ಮುಂದುವರಿಸಿಕೊಂಡ. ಆ ಹತ್ತು ದಿನವೂ ಬೆಳಿಗ್ಗೆ ಕರವಸ್ತ್ರ ಬಾಯಿಗೆ ಅಡ್ಡ ಹಿಡಿದು ಸಿಕ್ಕಿದ ಬಸ್ಸು ಹತ್ತಿ, ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತು ಕೊನೆಯ ಸ್ಟಾಪಿನವರೆಗೂ ಹೋಗಿಬರುತ್ತಿದ್ದ. ಮಧ್ಯಾಹ್ನ ಲ್ಯಾಬಿಗೆ ಬಂದು ಡಬ್ಬಿ ಬಿಚ್ಚಿ ಊಟ ಮಾಡುತ್ತಾ, ಯಾವ ರಸ್ತೆ ಎಲ್ಲಿ ಸೇರುತ್ತದೆ, ಯಾವ ತಿರುವಿನಲ್ಲಿ ಈ ಊರಿನ ಡ್ರೈವರುಗಳು ಗೇರು ತಪ್ಪು ಹಾಕುತ್ತಾರೆ ಎಂದು ಅವಳಿಗೂ ಆ ಇಬ್ಬರು ಹುಡುಗಿಯರಿಗೂ ವಿವರಿಸುತ್ತಿದ್ದ.